ಕ್ಯಾಪ್ಟನ್ ಬರೆದುಕೊಡದ ಚೀಟಿ

ಪಾಪಟೋಟೊಯಿ, ಆಕ್ಲೆಂಡ್
11 ಆಗಸ್ಟ್ 2024

ಕಮಲಾ,

ನಾನು ಲೀಲಾವತಿ. ಮಂಡ್ಯದ ಕಾಲೇಜಿನಲ್ಲಿ ನಿನ್ನ ಕಬಡ್ಡಿ ತಂಡಕ್ಕೆ ಕ್ಯಾಪ್ಟನ್ ಆಗಿದ್ದವಳು. ಹೆಸರು ನೋಡಿದ ಕೂಡಲೇ ಈ ಕಾಗದವನ್ನು ಕಸದ ಡಬ್ಬಿಗೆ ಹಾಕಿದರೆ ನಾನೇನೂ ಅನ್ನುವ ಹಾಗಿಲ್ಲ. ಹಾಕುವ ಮುಂಚೆ ಒಂದು ಸಿನಿಮಾದ ಕಥೆ ಕೇಳಿಬಿಡು, ಆಮೇಲೆ ನಿನ್ನಿಷ್ಟ.

ನಿನ್ನ ವಿಳಾಸ ಸಿಕ್ಕಿದ್ದು ಯುಗಾದಿ ಕಾರ್ಡುಗಳ ಪಟ್ಟಿಯಲ್ಲಿ. ನಮ್ಮ ಕನ್ನಡ ಕೂಟದಲ್ಲಿ ಲಕೋಟೆಗಳ ಮೇಲೆ ವಿಳಾಸ ಬರೆಯುವುದು ನನ್ನ ಪಾಲಿನ ಕೆಲಸ. ವೆಲ್ಲಿಂಗ್ಟನ್ ಕಡೆಯ ಅಪ್ಪರ್ ಹಟ್‌ನಲ್ಲಿ ಕಮಲಾ ಅಂತ ಒಂದು ಹೆಸರಿತ್ತು. ಆ ಕಡೆಯವರನ್ನು ವಿಚಾರಿಸಿದಾಗ, ಎತ್ತರದ ಹೆಂಗಸು, ರೆಸ್ಟ್ ಹೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾರೆ, ಮಂಡ್ಯದವರಂತೆ, ಯಾರ ಜೊತೆಗೂ ಹೆಚ್ಚು ಸೇರುವುದಿಲ್ಲ ಎಂದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಎರಡು ಯುಗಾದಿಗೆ ನಿನಗೆ ಕಾರ್ಡು ಹಾಕಿದ್ದು ನಾನೇ, ಕೂಟದ ಹೆಸರಿನಲ್ಲಿ. ನನ್ನ ಹೆಸರು ಬರೆಯುವ ಧೈರ್ಯ ಬರಲಿಲ್ಲ.

ಈಗ ಸಿನಿಮಾ. ನನ್ನ ಮಗಳು ಹರ್ಷಿಣಿಗೆ ಹತ್ತೊಂಬತ್ತು ವರ್ಷ, ಯೂನಿವರ್ಸಿಟಿಯಲ್ಲಿ ಸಿನಿಮಾ ಬಗ್ಗೆಯೇ ಓದುತ್ತಾಳೆ. ಅದಕ್ಕೂ ಓದಬೇಕಾ ಅಂತ ನಾನು ರೇಗಿಸುತ್ತೇನೆ. ಕಳೆದ ಭಾನುವಾರ ಚಿತ್ರೋತ್ಸವಕ್ಕೆ ಎಳೆದುಕೊಂಡು ಹೋದಳು. ಜಪಾನಿನದು, ಹೆಂಗಸರ ಕಬಡ್ಡಿಯ ಮೇಲೆ ತೆಗೆದ ಹಾಸ್ಯದ ಚಿತ್ರ. ಅದರ ಹೆಸರು ನನ್ನ ಬಾಯಲ್ಲಿ ತಿರುಗುವುದಿಲ್ಲ. ಜಪಾನಿನಲ್ಲಿ ಕಬಡ್ಡಿಯೇ ಅಂತ ನಾನು ನಗುತ್ತಾ ಹೋದವಳು.

ಕಡಲ ಪಕ್ಕದ ಒಂದು ಊರು. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಅಲ್ಲಿಯ ಹೆಂಗಸರ ಆಟದ ಕೋಣೆಯನ್ನು ಗೋದಾಮು ಮಾಡಬೇಕೆಂದು ಮಾಲೀಕನ ಹಟ. ಈ ವರ್ಷ ಯಾವುದಾದರೂ ಪಂದ್ಯಕ್ಕೆ ಹೆಸರು ಕೊಟ್ಟರೆ ಮಾತ್ರ ಕೋಣೆ ಉಳಿಯುತ್ತದೆ. ಎಲ್ಲ ಆಟಗಳಿಗೂ ಹೆಸರು ಕೊಡುವ ದಿನ ಮುಗಿದಿದೆ, ಯಾರಿಗೂ ಬೇಡದ ಕಬಡ್ಡಿ ಒಂದೇ ಬಾಕಿ. ಆರು ಜನ ಒಟ್ಟಾಗುತ್ತಾರೆ. ಕ್ಯಾಪ್ಟನ್ನಿಗೆ ಐವತ್ತೆಂಟು ವರ್ಷ, ಮೊಮ್ಮಕ್ಕಳಿದ್ದಾರೆ. ಒಬ್ಬಳು ಬ್ರೆಜಿಲ್‌ನಿಂದ ಕೂಲಿಗೆ ಬಂದವರ ಮಗಳು. ಒಬ್ಬಳು ಬಾಗಿಲಲ್ಲಿ ಅಡ್ಡವಾಗಿ ನುಗ್ಗುವಷ್ಟು ದಪ್ಪ. ಒಬ್ಬಳಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಅವಳು ರೈಡಿಗೆ ಹೋಗುವಾಗ ಕಬಡ್ಡಿ ಕಬಡ್ಡಿ ಅನ್ನುವುದನ್ನು ಬೆರಳಿನಲ್ಲಿ ಅನ್ನುತ್ತಾಳೆ. ಅಂಪೈರು ನಿಯಮದ ಪುಸ್ತಕ ತಿರುವುತ್ತಾ ನಿಂತುಬಿಡುತ್ತಾನೆ. ಆಟ ಕಲಿಸಲು ಊರಿನ ಹೋಟೆಲಿನ ಇಂಡಿಯನ್ ಅಡುಗೆಯವನನ್ನು ಹಿಡಿದು ತರುತ್ತಾರೆ. ಆ ಪಾಪದವನು ಜನ್ಮದಲ್ಲಿ ಕ್ರಿಕೆಟ್ ಬಿಟ್ಟು ಏನೂ ಆಡಿದವನಲ್ಲ.

ಹರ್ಷಿಣಿಗೆ ಅಲ್ಲಿ ಸಿಟ್ಟು ಬಂತು. ಎಲ್ಲರಿಗೂ ಒಂದೊಂದು ಜೀವನ ಕೊಟ್ಟವರು ಇಂಡಿಯನ್ನನಿಗೆ ಬರೀ ತಮಾಷೆ ಕೊಟ್ಟಿದ್ದಾರೆ ಎಂದು ಇಂಗ್ಲಿಷಿನಲ್ಲಿ ಗೊಣಗಿದಳು. "ಇರ್ಲಿ ಬುಡವ್ವ, ಇಷ್ಟು ದಿನ ಹೆಂಗಸ್ರುಗೆ ಬರೀ ಅಳೋದ್ನೇ ಕೊಟ್ಟಿರ್ಲಿಲ್ವಾ" ಅಂದೆ. ನನಗೆ ಕಂಡದ್ದೇ ಬೇರೆ. ಕಮಲಾ, ಆ ತೊಡೆಗಳು, ಆ ತೋಳುಗಳು. ನಮ್ಮಂಥ ಮೈಗಳನ್ನು ಅಷ್ಟು ದೊಡ್ಡ ಪರದೆಯ ಮೇಲೆ ನಾನು ಯಾವತ್ತೂ ನೋಡಿರಲಿಲ್ಲ. ಬೀಳುತ್ತಾರೆ, ಮಣ್ಣು ಉಗಿಯುತ್ತಾರೆ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕ್ಯಾಮೆರಾ ಒಮ್ಮೆಯೂ ಅವರನ್ನು ಕದ್ದು ನೋಡುವುದಿಲ್ಲ. ಕೊನೆಯವರೆಗೂ ಒಬ್ಬಳಿಗೂ ಮದುವೆ ಮಾಡಿಸುವುದಿಲ್ಲ. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಏಳನೆಯವಳು ಬಸ್ ಓಡಿಸುವವಳು. ಹುಟ್ಟಿದಾಗ ಕಾಗದದಲ್ಲಿ ಗಂಡು ಎಂದು ಬರೆಸಿದ್ದರು ಅನ್ನುವುದು ಒಂದೇ ಒಂದು ಮಾತಿನಲ್ಲಿ ಬಂದು ಹೋಗುತ್ತದೆ. ಯಾರೂ ಅದನ್ನು ಎಳೆದಾಡುವುದಿಲ್ಲ. ಪಂದ್ಯಕ್ಕೆ ಮುಂಚೆ ಎಲ್ಲರೂ ಸಾಲಾಗಿ ಕೂತು ಒಬ್ಬರ ಉಗುರನ್ನು ಒಬ್ಬರು ಕತ್ತರಿಸುತ್ತಾರೆ, ಅವಳ ಉಗುರನ್ನು ಕ್ಯಾಪ್ಟನ್ ಕತ್ತರಿಸುತ್ತಾಳೆ. ಅಂಪೈರು ಉಗುರು ನೋಡಿಯೇ ಒಳಗೆ ಬಿಡುವುದು ಜಪಾನಿನಲ್ಲೂ ಇದೆಯಲ್ಲ ಎಂದು ನನಗೆ ಮೈ ಜುಮ್ಮೆಂದಿತು.

ಆಮೇಲೆ ಎದುರು ತಂಡದವರು ದೂರು ಕೊಡುತ್ತಾರೆ. ಇವಳು ಹೆಣ್ಣು ಅನ್ನುವುದಕ್ಕೆ ಪುರಾವೆ ಕೊಡಿ ಎನ್ನುತ್ತಾರೆ. ಆ ಮುದುಕಿ ಕ್ಯಾಪ್ಟನ್ ಎದ್ದು, "ಸರಿ, ಮೊದಲು ನನ್ನನ್ನು ನೋಡಿ, ನನಗೂ ಸಂಶಯವಿದೆ" ಅನ್ನುತ್ತಾಳೆ. ಆರೂ ಜನ ಊಟದ ಡಬ್ಬಿ ಹಿಡಿದು ಕ್ಲಿನಿಕ್ಕಿನ ಮುಂದೆ ಸಾಲು ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ದೂರು ಕೊಟ್ಟ ತಂಡದ ಹುಡುಗಿಯರೂ ನಾಚಿಕೊಂಡು ಬಂದು ಹಿಂದೆ ನಿಲ್ಲುತ್ತಾರೆ. ಡಾಕ್ಟರು ಹಿಂಬಾಗಿಲಿನಿಂದ ಓಡಿಹೋಗುತ್ತಾನೆ. ಥಿಯೇಟರಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಅತ್ತೆ.

ಹೊರಗೆ ಬಂದ ಮೇಲೆ ಮಗಳು ಕೇಳಿದಳು, ನಿಮ್ಮ ಟೀಮಿನಲ್ಲೂ ಯಾರಾದರೂ ಹಾಗಿದ್ದರಾ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, "ಯಾಕೆ ಹಂಗ್ ಕೇಳ್ತೀಯ" ಅಂತ ಅವಳ ಮೇಲೆ ಹರಿಹಾಯ್ದೆ.

ಮೂವತ್ತು ವರ್ಷವಾಯಿತು. ನನ್ನನ್ನು ಕ್ಷಮಿಸು ಅಂತ ಕೇಳಲಿಕ್ಕೆ ಬರೆದಿದ್ದೇನೆ.

ಲೀಲಾವತಿ

*

ಅಪ್ಪರ್ ಹಟ್
30 ಆಗಸ್ಟ್ 2024

ಶ್ರೀಮತಿ ಲೀಲಾವತಿಯವರಿಗೆ,

ನಿಮ್ಮ ಕಾಗದ ತಲುಪಿತು. ಆ ಸಿನಿಮಾಕ್ಕೆ ನಾನೂ ಹೋಗಿದ್ದೆ, ವೆಲ್ಲಿಂಗ್ಟನ್ನಿನಲ್ಲಿ. ಚೆನ್ನಾಗಿದೆ. ಸಿನಿಮಾದಲ್ಲಿ ಆರು ಜನ ಎದ್ದರು. ದಾವಣಗೆರೆಯ ಪಂದ್ಯದಲ್ಲಿ ಒಬ್ಬರೂ ಏಳಲಿಲ್ಲ.

ನಾನು ಒಂದೇ ರೈಡಿನಲ್ಲಿ ಐದು ಜನರನ್ನು ಮುಟ್ಟಿ ಬಂದೆ. ಎದುರಿನವರು ಗಂಡಸನ್ನು ಆಡಿಸುತ್ತಿದ್ದಾರೆ ಎಂದು ದೂರಿತ್ತರು. ಅಂಪೈರು ಒಳ್ಳೆಯ ಮನುಷ್ಯ. "ಪರೀಕ್ಷೆ ಆಮೇಲೆ ಆಗ್ಲಿ. ಈಕೆ ಜೊತೆ ರೂಮಲ್ಲಿರೋ ಕ್ಯಾಪ್ಟನ್ನು, ಈಕೆ ಹೆಣ್ಣು ಅಂತ ಒಂದು ಚೀಟಿ ಬರ್ದುಕೊಟ್ರೆ ಇವತ್ತು ಆಡಿಸ್ತೀನಿ" ಎಂದ. ಪೆನ್ನನ್ನೂ ಅವನೇ ಕೊಟ್ಟ. ನೀವು ಪೆನ್ನು ಹಿಡಿದುಕೊಂಡು ನಿಮ್ಮ ಬೂಟು ನೋಡುತ್ತಾ ನಿಂತಿರಿ. ಆಮೇಲೆ ಪೆನ್ನನ್ನು ವಾಪಸು ಕೊಟ್ಟಿರಿ.

ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. ಯಾಕೆ ಬರೆಯಲಿಲ್ಲ ಅನ್ನುವುದನ್ನು ಮೊದಲು ತಿಳಿಸಿ. ಫೋನು ಮಾಡಬೇಡಿ. ಬರೆಯಿರಿ.

ಕಮಲಾ ಎಸ್.

*

ಪಾಪಟೋಟೊಯಿ
22 ಸೆಪ್ಟೆಂಬರ್ 2024

ಕಮಲಾ,

ನೀನು ನನ್ನನ್ನು 'ಶ್ರೀಮತಿ' ಅಂದದ್ದಕ್ಕೆ ಎರಡು ದಿನ ಅನ್ನ ರುಚಿಸಲಿಲ್ಲ. ಆದರೂ ನೀನು ಉತ್ತರ ಬರೆದೆಯಲ್ಲ. ವಿಮಾನದ ಊಟದ ತಟ್ಟೆಗಳನ್ನು ಜೋಡಿಸುವ ನನ್ನ ಕೆಲಸದ ಜಾಗಕ್ಕೂ ನಿನ್ನ ಕಾಗದ ಒಯ್ದಿದ್ದೆ, ಏಪ್ರನ್ನಿನ ಜೇಬಿನಲ್ಲಿ.

ಕಾರಣ ಬರೆಯುತ್ತೇನೆ. ಹೊಟ್ಟೆಕಿಚ್ಚು ಎಂದು ನೀನು ಅಂದುಕೊಂಡಿದ್ದರೆ ಅದೂ ಸ್ವಲ್ಪ ನಿಜ. ನೀನು ತಂಡಕ್ಕೆ ಬರುವವರೆಗೂ ಪೇಪರಿನಲ್ಲಿ ನನ್ನ ಹೆಸರು ಬರುತ್ತಿತ್ತು. ಆದರೆ ಪೆನ್ನು ತಡೆದದ್ದು ಅದಲ್ಲ.

ಆ ತಿಂಗಳು ಗಂಡಿನ ಕಡೆಯವರು ಬಂದು ನನ್ನನ್ನು ನೋಡಿ ಹೋಗಿದ್ದರು. ಚಂದ್ರಹಾಸ, ಈಗಿನ ನನ್ನ ಗಂಡ. ಕಬಡ್ಡಿ ಆಡುವ ಹುಡುಗಿ ಅಂತಲೇ ಅವರ ತಂದೆ ಮುಖ ಗಂಟು ಹಾಕಿದ್ದರು. ನಾನು ಆ ಚೀಟಿಯಲ್ಲಿ ಏನು ಬರೆಯಬೇಕಿತ್ತು? ಇವಳೂ ನಾನೂ ಎರಡು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಜಮಖಾನದ ಮೇಲೆ ಮಲಗಿದ್ದೇವೆ, ಇವಳನ್ನು ನಾನು ಬಲ್ಲೆ ಎಂದು. ನಾಳೆ ಪರೀಕ್ಷೆಯಲ್ಲಿ ಬೇರೇನಾದರೂ ಬಂದರೆ, ಗಂಡಸಿನ ಜೊತೆ ಎರಡು ವರ್ಷ ಮಲಗಿದ್ದೆ ಎಂದು ನನ್ನ ಕೈಯಾರೆ ಬರೆದುಕೊಟ್ಟ ಹಾಗಾಗುತ್ತದೆ. ಇದು ನನ್ನ ತಲೆಗೆ ಬಂದದ್ದು ಒಂದೇ ಕ್ಷಣ. ಅಷ್ಟರಲ್ಲಿ ಪೆನ್ನು ವಾಪಸು ಕೊಟ್ಟಾಗಿತ್ತು. ನಿನ್ನ ಮೇಲೆ ನಾನು ಸಂಶಯಪಟ್ಟೆ, ಕಮಲಾ. ನಿನಗೆ ಮುಟ್ಟು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನೀನೇ ನನಗೆ ಹೇಳಿದ್ದೆ, ಇನ್ನಾರಿಗೂ ಹೇಳಬೇಡವೆಂದು.

ನಿನ್ನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾವು ಆರು ಜನ ಆಡಿ ಸೋತು ಬಂದೆವು. ಒಂದು ತಿಂಗಳ ಮೇಲೆ ನಮ್ಮ ಮ್ಯಾನೇಜರ್ ಯಶ್ವಂತ್ ಸರ್ ಬಂದು, "ಕಮಲಂದು ಸರ್ಟಿಫಿಕೇಟ್ ಸರಿಯಾಗೇ ಬಂತು ಕಣ್ರಮ್ಮ" ಎಂದಾಗ ನೀನು ಕಾಲೇಜು ಬಿಟ್ಟಾಗಿತ್ತು. ಕ್ರೀಡಾ ಕೋಟಾದಲ್ಲಿ ನಿನಗೆ ಸಿಗಬೇಕಿದ್ದ ರೈಲ್ವೆ ಕೆಲಸವೂ ಹೋಯಿತೆಂದು ಆಮೇಲೆ ಕೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಂದು ಬರೆಯದ ಚೀಟಿಯನ್ನು ಇಂದು ಬರೆದು ಇದರ ಜೊತೆ ಇಟ್ಟಿದ್ದೇನೆ: 'ಕಮಲಾ ಹೆಣ್ಣು. ಸರ್ಕಾರಿ ಡಾಕ್ಟರು ಪರೀಕ್ಷೆ ಮಾಡಿ ಹಾಗೆಂದು ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಇದು ಸತ್ಯ.' ತಡವಾಯಿತು, ಆದರೂ ತಗೋ.

ನಿನ್ನ
ಲೀಲಾ

*

ಅಪ್ಪರ್ ಹಟ್
3 ನವೆಂಬರ್ 2024

ಲೀಲಾ,

ನಿನ್ನ ಚೀಟಿಯನ್ನು ವಾಪಸು ಕಳಿಸುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ನಿಜ ಹೇಳಿದ್ದೀಯ, ಅದಕ್ಕೇ 'ನೀವು' ಬಿಟ್ಟಿದ್ದೇನೆ. ಆದರೆ ಅಂಪೈರು ಕೇಳಿದ್ದು ನಿನ್ನ ಮಾತನ್ನು. ಅಂದೂ ನೀನು ಡಾಕ್ಟರು ಏನೆನ್ನುತ್ತಾರೋ ನೋಡೋಣ ಎಂದು ಕಾದೆ. ಇಂದೂ ಡಾಕ್ಟರ ಮಾತನ್ನೇ ನಕಲು ಮಾಡಿ ಕಳಿಸಿದ್ದೀಯ.

ಡಾಕ್ಟರು ಏನೆಂದರು ಅನ್ನುವುದನ್ನು ನಾನು ಯಾರಿಗೂ ಹೇಳಿಲ್ಲ. ಅಪ್ಪ ಅವ್ವ ಹೋಗುವವರೆಗೂ ಅವರಿಗೂ ಹೇಳಲಿಲ್ಲ. ನಿನಗೆ ಹೇಳುತ್ತೇನೆ.

ಸರ್ಟಿಫಿಕೇಟ್ ಸರಿಯಾಗಿ ಬರಲಿಲ್ಲ. ರಕ್ತ ಬೆಂಗಳೂರಿಗೆ ಹೋಗಿ ಬಂತು. ಒಬ್ಬ ಲೇಡಿ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಕೈ ಹಿಡಿದುಕೊಂಡು ತಿಳಿಸಿದರು. ನನಗೆ ಹುಟ್ಟಿನಿಂದಲೇ ಗರ್ಭಕೋಶವಿಲ್ಲ. ರಕ್ತದಲ್ಲಿ ಇರುವುದು ಗಂಡಸರಲ್ಲಿ ಕಾಣುವ ಗುರುತು. ಮೈ ಮಾತ್ರ ಹೆಣ್ಣಿನದಾಗಿಯೇ ಬೆಳೆದಿದೆ. "ಲಕ್ಷಾಂತರ ಜನ ನಿನ್ ಥರ ಇದಾರಮ್ಮ, ನಿಂದೇನೂ ತಪ್ಪಿಲ್ಲ" ಎಂದರು. ಯಶ್ವಂತ್ ಸರ್ ಕಾರಿಡಾರಿನಲ್ಲಿ ನಿಂತಿದ್ದರು. "ಎಲ್ರಿಗೂ ಸರಿಯಾಗ್ ಬಂತು ಅಂತ ಹೇಳ್ತೀನಿ. ನೀನೇ ಆಟ ಬುಟ್ಬುಡು" ಎಂದರು. ಅವರ ಮಟ್ಟಿಗೆ ಅದು ಉಪಕಾರ. ನಾನು ಬಿಟ್ಟೆ. ನರ್ಸಿಂಗ್ ಕಲಿತೆ. ಎಲ್ಲೆಲ್ಲೋ ಸುತ್ತಿ ಇಲ್ಲಿಗೆ ಬಂದೆ. ಇಲ್ಲಿ ತೊಂಬತ್ತು ದಾಟಿದ ಮುದುಕಿಯರಿಗೆ ಸ್ನಾನ ಮಾಡಿಸುತ್ತೇನೆ. ನನ್ನ ತೋಳು ಗಟ್ಟಿ, ನಾನು ಎತ್ತಿದರೆ ಅವರಿಗೆ ಭಯವಿಲ್ಲ, ನನ್ನನ್ನೇ ಕೇಳಿ ಕರೆಸಿಕೊಳ್ಳುತ್ತಾರೆ.

ಒಂದು ದಿನವೂ ನಾನು ಹೆಣ್ಣಲ್ಲ ಎಂದು ನನಗೆ ಅನ್ನಿಸಿಲ್ಲ, ಲೀಲಾ. ಆ ರಿಪೋರ್ಟನ್ನು ಓದುತ್ತಿದ್ದಾಗಲೂ ಅನ್ನಿಸಲಿಲ್ಲ.

ನೀನು ಹೆದರಿದ್ದ ಮಾತೇ ಆ ರಿಪೋರ್ಟಿನಲ್ಲಿ ಬಂದಿದೆ. ಈಗ ನಿನಗೆ ಎಲ್ಲವೂ ಗೊತ್ತು. ಈಗ ಬರೆದುಕೊಡು ನೋಡೋಣ. ಬರೆಯಲು ಆಗದಿದ್ದರೆ ಸುಮ್ಮನಿದ್ದುಬಿಡು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಯುಗಾದಿ ಕಾರ್ಡನ್ನೂ ಇನ್ನು ಕಳಿಸಬೇಡ.

ಕಮಲಾ

*

ಪಾಪಟೋಟೊಯಿ
15 ಡಿಸೆಂಬರ್ 2024

ಕಮಲಾ,

ಆರು ವಾರ ತಡ ಮಾಡಿದೆ. ನೀನು ಏನೆಂದುಕೊಂಡಿರುತ್ತೀಯೋ ಎಂದು ದಿನಾ ಸಂಕಟಪಟ್ಟೆ. ಆದರೆ ಮೊದಲ ಸಲದ ಹಾಗೆ ಅವಸರದಲ್ಲಿ ಬರೆಯಬಾರದು ಅನ್ನಿಸಿತು. ನಿನ್ನ ಮಾತು ನನ್ನಲ್ಲೇ ಇದೆ, ಕಾಗದವನ್ನು ಮಗಳಿಗೂ ತೋರಿಸಿಲ್ಲ.

ಚಂದ್ರಹಾಸರಿಗೂ ಹೇಳಲಿಲ್ಲ. ಅವರನ್ನು ಒಂದು ಪ್ರಶ್ನೆ ಮಾತ್ರ ಕೇಳಿದೆ. ಪೆನ್‌ರೋಸಿನ ಫ್ಯಾಕ್ಟರಿಯಿಂದ ಬಂದು ಟೀ ಕುಡಿಯುತ್ತಿದ್ದರು. ಮದುವೆಗೆ ಮುಂಚೆ ನಮ್ಮ ತಂಡದಲ್ಲಿ ಗಂಡೋ ಹೆಣ್ಣೋ ಅಂತ ಗಲಾಟೆಯಾದ ಹುಡುಗಿಯ ಪರವಾಗಿ ನಾನು ಬರೆದುಕೊಟ್ಟಿದ್ದರೆ ನೀವು ನನ್ನನ್ನು ಮದುವೆಯಾಗುತ್ತಿದ್ದಿರಾ ಎಂದೆ. ಸುಳ್ಳು ಹೇಳಲು ಬಾರದ ಮನುಷ್ಯ. ಲೋಟ ಕೆಳಗಿಟ್ಟು, "ಅಪ್ಪ ಬ್ಯಾಡ ಅಂದಿರೋರು. ನಾನೂ ಅವ್ರ ಮಾತ್ ಮೀರ್ತಿರ್ಲಿಲ್ಲ ಅನ್ಸುತ್ತೆ" ಎಂದರು. ಆಮೇಲೆ ಎದ್ದು ಹೋಗಿ ನನ್ನ ಪಾಲಿನ ಪಾತ್ರೆಗಳನ್ನೂ ತೊಳೆದಿಟ್ಟರು.

ಹಾಗಾದರೆ ನಾನು ಹೆದರಿದ್ದು ಸುಳ್ಳಲ್ಲ. ಬರೆದಿದ್ದರೆ ಈ ಮನೆ, ಈ ಮಗಳು ಯಾವುದೂ ಇರುತ್ತಿರಲಿಲ್ಲ. ಅಂದು ಕಾರಣವಿಲ್ಲದೆ ಹೆದರಿದೆ, ತಿಳಿಯದ ವಯಸ್ಸು ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ, ಅದೂ ಹೋಯಿತು. ಆದರೂ ಬರೆಯಬೇಕಿತ್ತು. ಇದು ಗೊತ್ತಾಗಲು ಆರು ವಾರ ಹಿಡಿಯಿತು.

ಆ ಸಿನಿಮಾವನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದೆನೋ. ಆ ಮುದುಕಿ ಕ್ಯಾಪ್ಟನ್ ಬಸ್ಸಿನವಳನ್ನು ಒಂದು ಮಾತೂ ಕೇಳುವುದಿಲ್ಲ. ನಿನ್ನ ಮೈಯೊಳಗೆ ಏನಿದೆ, ಕಾಗದದಲ್ಲಿ ಏನಿದೆ, ಏನೂ ಇಲ್ಲ. ಹರ್ಷಿಣಿ ಒಂದು ವಿಷಯ ತೋರಿಸಿದಳು. ಆ ಸಿನಿಮಾದಲ್ಲಿ ಏಳೂ ಜನರಲ್ಲಿ ಒಬ್ಬರ ಮೈ ಇನ್ನೊಬ್ಬರ ಹಾಗಿಲ್ಲ, ಹೆಣ್ಣು ಅಂದರೆ ಯಾರ ಹಾಗೆ ಎಂದು ಕೇಳಿದರೆ ನೀನು ಯಾರನ್ನು ತೋರಿಸುತ್ತೀಯ ಎಂದಳು. ನಾನು ತುಂಬ ಯೋಚಿಸಿದೆ. ಯಾರನ್ನೂ ತೋರಿಸಲು ಆಗಲಿಲ್ಲ. ಏಳು ಜನರನ್ನೂ ತೋರಿಸಬೇಕು. ದೇವರ ಅಂಗಡಿಯಲ್ಲಿ ಇಷ್ಟೊಂದು ಬಗೆಯಿರುವುದನ್ನು ನೋಡಲು ನಾನು ಐವತ್ತು ದಾಟಬೇಕಾಯಿತು, ಅದೂ ಜಪಾನಿನವರು ತೋರಿಸಬೇಕಾಯಿತು.

ಚೀಟಿ ಕೆಳಗಿದೆ. ಯಾರನ್ನೂ ಕೇಳಿ ಬರೆದಿಲ್ಲ.

ದಾವಣಗೆರೆ ಪಂದ್ಯದ ಅಂಪೈರರಿಗೆ,

ಎರಡು ವರ್ಷ ಕಮಲಾ ಮತ್ತು ನಾನು ಒಂದೇ ಕೋಣೆಯಲ್ಲಿ, ಒಂದೇ ಜಮಖಾನದ ಮೇಲೆ ಮಲಗಿದ್ದೇವೆ. ನನಗೆ ಜ್ವರ ಬಂದಾಗ ಅವಳು ನನ್ನ ಬಟ್ಟೆ ಒಗೆದಿದ್ದಾಳೆ. ನನ್ನ ಮುಟ್ಟಿನ ಬಟ್ಟೆಯನ್ನೂ ಒಗೆದಿದ್ದಾಳೆ, ಮುಖ ಸಿಂಡರಿಸಲಿಲ್ಲ. ಅವಳು ಸೀಗೆಕಾಯಿ ಹಾಕಿ ತಲೆ ತಿಕ್ಕಿದರೆ ನನಗೆ ನಿದ್ದೆ ಬರುತ್ತಿತ್ತು. ಪ್ರತಿ ಪಂದ್ಯದ ಬೆಳಿಗ್ಗೆ ಅವಳ ಉಗುರನ್ನು ನಾನು ಕತ್ತರಿಸಿದ್ದೇನೆ. ಅವಳು ರೈಡಿಗೆ ಹೋದಾಗ ಉಸಿರು ಬಿಡದೆ ಇರುತ್ತಿದ್ದುದು ಅವಳೊಬ್ಬಳೇ ಅಲ್ಲ, ಗೆರೆಯ ಈಚೆ ನಾವು ಆರು ಜನವೂ ಉಸಿರು ಹಿಡಿದು ನಿಂತಿರುತ್ತಿದ್ದೆವು. ಅಂಥ ಆಟವನ್ನು ನಾನು ಮತ್ತೆ ನೋಡಿಲ್ಲ.

ಅವಳು ಹೆಣ್ಣು. ಅವಳು ತಾನು ಏನೆಂದು ಹೇಳುತ್ತಾಳೋ ಅದೇ ನನ್ನ ಮಾತು. ರಕ್ತದಲ್ಲಿ ಏನು ಬಂದರೂ ಇದು ಬದಲಾಗುವುದಿಲ್ಲ. ನಾಳೆ ನನ್ನ ಮದುವೆ ಮುರಿದರೂ ಬದಲಾಗುವುದಿಲ್ಲ. ಪರೀಕ್ಷೆ ಮಾಡಲೇಬೇಕೆಂದರೆ ಜೀಪಿನಲ್ಲಿ ಅವಳ ಪಕ್ಕದಲ್ಲಿ ನಾನೂ ಕೂರುತ್ತೇನೆ, ಅವಳನ್ನು ಒಬ್ಬಳೇ ಕಳಿಸುವುದಿಲ್ಲ.

ಲೀಲಾವತಿ
ಕ್ಯಾಪ್ಟನ್

*

ಅಪ್ಪರ್ ಹಟ್
9 ಜನವರಿ 2025

ಲೀಲಾ,

ಕ್ರಿಸ್‌ಮಸ್ ರಜೆಯಲ್ಲಿ ಅಂಚೆ ನಿಂತು, ನಿನ್ನ ಕಾಗದ ನಿನ್ನೆ ಬಂತು. ಊಟದ ಬಿಡುವಿನಲ್ಲಿ ನಮ್ಮ ರೆಸ್ಟ್ ಹೋಮಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಓದಿದೆ. ಟವೆಲುಗಳ ರಾಶಿಯ ಮೇಲೆ ಕೂತು ಇನ್ನೊಂದು ಸಲ ಓದಿದೆ. ಬಿಡುವು ಮುಗಿದರೂ ಅಲ್ಲೇ ಕೂತಿದ್ದೆ. ಜೊತೆಗೆ ಕೆಲಸ ಮಾಡುವ ಹುಡುಗಿ ಬಂದು ಯಾರಾದರೂ ತೀರಿಕೊಂಡರಾ ಎಂದು ಕೇಳಿದಳು. ಇಲ್ಲ, ನನ್ನ ಕ್ಯಾಪ್ಟನ್ ಕಾಗದ ಬರೆದಿದ್ದಾಳೆ ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು.

ಜೀಪಿನ ಮಾತು ಬರೆದೆಯಲ್ಲ, ನನ್ನನ್ನು ಕಾಡುವುದು ಅದೇ ಎಂದು ನಿನಗೆ ಹೇಗೆ ಗೊತ್ತಾಯಿತೋ. ಪರೀಕ್ಷೆಯನ್ನಾಗಲಿ, ರಿಪೋರ್ಟನ್ನಾಗಲಿ ನಾನು ಅಷ್ಟಾಗಿ ನೆನಸಿಕೊಳ್ಳುವುದಿಲ್ಲ. ನೆನಪಿಗೆ ಬರುವುದು ಆ ಜೀಪು. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ ಕೂತಿದ್ದೆ. ನೀನು ಬರುತ್ತೀಯೇನೋ ಎಂದು ಸರಿದು ಜಾಗ ಬಿಟ್ಟಿದ್ದೆ.

ಒಂದು ಸುಳ್ಳು ಬರೆದಿದ್ದೆ, ಒಪ್ಪಿಕೊಂಡುಬಿಡುತ್ತೇನೆ. ಸಿನಿಮಾಕ್ಕೆ ಹೋಗಿದ್ದು ನಿಜ, ಪೂರ್ತಿ ನೋಡಿದವಳ ಹಾಗೆ ಚೆನ್ನಾಗಿದೆ ಎಂದೆ, ಪೂರ್ತಿ ನೋಡಲಿಲ್ಲ. ಆ ಮುದುಕಿ ಎದ್ದು ನಿಂತಳು, ಒಬ್ಬೊಬ್ಬರಾಗಿ ಎಲ್ಲರೂ ಡಬ್ಬಿ ಹಿಡಿದು ಅವಳ ಹಿಂದೆ ಹೊರಟರು. ನನಗೆ ತಡೆಯಲಾಗಲಿಲ್ಲ. ಜನ ನಗುತ್ತಿದ್ದಾಗ ಕತ್ತಲಲ್ಲಿ ಅವರಿವರ ಕಾಲು ತುಳಿದುಕೊಂಡು ಹೊರಗೆ ಬಂದು, ಸಿಕ್ಕಿದ ರೈಲು ಹತ್ತಿ ಮನೆ ಸೇರಿದೆ. ಅವರು ಆಡಿದರೋ ಇಲ್ಲವೋ, ಗೆದ್ದರೋ ಸೋತರೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನ್ನಿಸಿರಲಿಲ್ಲ.

ಇಲ್ಲಿಯ ಲೈಬ್ರರಿಗೆ ಈಗ ಆ ಸಿನಿಮಾದ ಡಿವಿಡಿ ಬಂದಿದೆ, ನನ್ನ ಹೆಸರಿಗೆ ತೆಗೆದಿಡಿ ಎಂದಿದ್ದೇನೆ. ಗೆಲ್ಲುತ್ತಾರಾ ಇಲ್ಲವಾ ಎಂದು ಬರೆದು ತಿಳಿಸಬೇಡ. ಮುಂದಿನದನ್ನು ನಾನು ಒಬ್ಬಳೇ ನೋಡಲಾರೆ. ಬಾ.

ಕಮಲಾ